ಮಂಡ್ಯದ ಸಕ್ಕರೆ, ಗುಬ್ಬಿಯ ಹೆಲಿಕಾಪ್ಟರ್: ಎರಡಕ್ಕೂ ಒಬ್ಬನೇ ದಿವಾನ್

ಅಮೃತೂರು: ಕುಣಿಗಲ್ ತಾಲ್ಲೂಕಿನ ಈ ಹೋಬಳಿ ಕೇಂದ್ರದಿಂದ ದಕ್ಷಿಣಕ್ಕೆ ಹೊರಟರೆ ಮದ್ದೂರು ದಾಟಿದ ಮೇಲೆ ಮಂಡ್ಯದ ಸಕ್ಕರೆ ಕಾರ್ಖಾನೆ ಸಿಗುತ್ತದೆ. ಉತ್ತರಕ್ಕೆ ಹೊರಟರೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್‌ನ (ಎಚ್‌ಎಎಲ್) ಹೆಲಿಕಾಪ್ಟರ್ ಕಾರ್ಖಾನೆ ಇದೆ. ಮೊದಲನೆಯದು ಸ್ಥಾಪನೆಯಾದದ್ದು 1933ರಲ್ಲಿ. ಎರಡನೆಯದು ಉದ್ಘಾಟನೆಗೊಂಡದ್ದು 2023ರ ಫೆಬ್ರುವರಿ 6ರಂದು. ಒಂದು ರೈತರ ಕಬ್ಬನ್ನು ನಂಬಿದ್ದು, ಇನ್ನೊಂದು ದೇಶದ ಸೇನೆಯ ಬೇಡಿಕೆಯನ್ನು ನಂಬಿದ್ದು. ಇವೆರಡರ ನಡುವೆ ತೊಂಬತ್ತು ವರ್ಷಗಳ ಅಂತರವಿದ್ದರೂ ಇತಿಹಾಸದ ಹೆಜ್ಜೆಗಳನ್ನು ಹಿಂಬಾಲಿಸಿದರೆ ಎರಡೂ ದಾರಿಗಳು ಒಬ್ಬರ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತವೆ. ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಇಂದಿನ ಪೀಳಿಗೆಗೆ ಮಿರ್ಜಾ ಇಸ್ಮಾಯಿಲ್ ಎಂದರೆ ಬೃಂದಾವನ ಉದ್ಯಾನ, ಬೆಂಗಳೂರಿನ ಪುರಭವನ, ಅಗಲವಾದ ರಸ್ತೆಗಳು ಮತ್ತು ಗುಲಾಬಿ ತೋಟಗಳು. ನಗರಗಳನ್ನು ಚೆಂದಗಾಣಿಸಿದ ದಿವಾನರೆಂಬ ಹೆಸರು ಅವರಿಗೆ ಗಟ್ಟಿಯಾಗಿ ಅಂಟಿಕೊಂಡಿದೆ. ಆದರೆ ಸರ್ಕಾರ, ಖಾಸಗಿ ಉದ್ಯಮಿ ಮತ್ತು ಸ್ಥಳೀಯ ಜನರನ್ನು ಒಂದೇ ಉದ್ದಿಮೆಯಲ್ಲಿ ಪಾಲುದಾರರನ್ನಾಗಿಸುವ ಪದ್ಧತಿಯನ್ನು ಈ ನಾಡಿನಲ್ಲಿ ರೂಢಿಗೆ ತಂದವರಲ್ಲಿ ಅವರು ಪ್ರಮುಖರು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತುಮಕೂರು ಜಿಲ್ಲೆ ಮತ್ತೊಮ್ಮೆ ಕೈಗಾರಿಕೆಗಳ ಭರವಸೆಯಲ್ಲಿ ನಿಂತಿರುವ ಈ ಹೊತ್ತಿನಲ್ಲಿ ಅವರ ಬದುಕನ್ನು ಈ ದೃಷ್ಟಿಯಿಂದ ನೋಡುವುದು ಅಗತ್ಯ.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಇಸ್ಮಾಯಿಲ್ ಜನಿಸಿದ್ದು 1883ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನಲ್ಲಿ. ಅವರ ಅಜ್ಜ ಆಗಾ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ನಗರದಿಂದ ಕುದುರೆಗಳೊಂದಿಗೆ ದಕ್ಷಿಣ ಭಾರತಕ್ಕೆ ಬಂದು ಬೆಂಗಳೂರಿನಲ್ಲಿ ನೆಲೆಸಿದವರು. ಅರಮನೆಯೊಂದಿಗೂ ಬ್ರಿಟಿಷರೊಂದಿಗೂ ವ್ಯವಹಾರ ಬೆಳೆಸಿದ ಆ ಮನೆತನದ ನೆನಪಿಗೆ ಬೆಂಗಳೂರಿನಲ್ಲಿ ಅಲಿ ಅಸ್ಕರ್ ರಸ್ತೆ ಇಂದಿಗೂ ಇದೆ. ತಂದೆ ಆಗಾ ಜಾನ್ ಮೈಸೂರು ಮಹಾರಾಜರ ಅಂಗರಕ್ಷಕ ಅಧಿಕಾರಿಯಾಗಿದ್ದರು.

ಬಾಲಕ ಮಿರ್ಜಾನಿಗೆ ದೊರೆತ ದೊಡ್ಡ ಅದೃಷ್ಟವೆಂದರೆ ಅರಮನೆಯ ಶಾಲೆ. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಶಿಕ್ಷಣಕ್ಕಾಗಿ ಸ್ಟುವರ್ಟ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ನೇಮಿಸಲಾಗಿತ್ತು. ಮಹಾರಾಜರ ಜೊತೆಯಲ್ಲಿ ಕುಳಿತು ಕಲಿಯಲು ಆಯ್ಕೆಯಾದ ಕೆಲವೇ ಬಾಲಕರಲ್ಲಿ ಮಿರ್ಜಾ ಒಬ್ಬರು. ಅಲ್ಲಿ ಆರಂಭವಾದ ಗೆಳೆತನ 1940ರಲ್ಲಿ ಮಹಾರಾಜರು ನಿಧನ ಹೊಂದುವವರೆಗೂ ಉಳಿಯಿತು. ದೊರೆ ಮತ್ತು ದಿವಾನರ ನಡುವಿನ ಈ ನಂಬಿಕೆಯೇ ಮುಂದೆ ಮಿರ್ಜಾ ಅವರು ಕೈಗೊಂಡ ಅನೇಕ ಸಾಹಸಗಳಿಗೆ ಬೆನ್ನೆಲುಬಾಯಿತು.

1905ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದ ಮಿರ್ಜಾ ಸಂಸ್ಥಾನದ ಸೇವೆಗೆ ಸೇರಿದರು. ಕೆಲಕಾಲದ ನಂತರ ಅವರು ಮಹಾರಾಜರ ಕಾರ್ಯಾಲಯಕ್ಕೆ ಬಂದರು. ಸಹಾಯಕ ಕಾರ್ಯದರ್ಶಿ, ಹುಜೂರ್ ಕಾರ್ಯದರ್ಶಿ, 1922ರಲ್ಲಿ ಖಾಸಗಿ ಕಾರ್ಯದರ್ಶಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಆಡಳಿತದ ಒಳಹೊರಗನ್ನು ಹತ್ತಿರದಿಂದ ನೋಡುವ ಅವಕಾಶ ಅವರಿಗೆ ಒದಗಿತು. 1926ರಲ್ಲಿ, ತಮ್ಮ 42ನೇ ವಯಸ್ಸಿನಲ್ಲಿ, ಅವರೇ ದಿವಾನರಾದರು. ಆ ಹುದ್ದೆಯಲ್ಲಿ ಸತತವಾಗಿ ಹದಿನೈದು ವರ್ಷ ಉಳಿದರು.

ಹಿಂದಿನವರು ಹಾಕಿದ ಅಡಿಪಾಯ

ಮಿರ್ಜಾ ಬರಿಗೈಯಲ್ಲಿ ಆರಂಭಿಸಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿ ಬಂಡವಾಳ ಹೂಡಿತ್ತು. ಸಂಸ್ಥಾನಕ್ಕೆ ರಾಜಧನ ಸಿಗುತ್ತಿತ್ತು. ಆ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಅದೂ ಒಂದು ಬಗೆಯ ಪಾಲುದಾರಿಕೆಯೇ. ಆದರೆ ಅಲ್ಲಿ ಲಾಭದ ಬಹುಪಾಲು ಸಾಗರದಾಚೆಗೆ ಹೋಗುತ್ತಿತ್ತು. ಕೆಲಸಗಾರರಿಗೆ ಉಳಿಯುತ್ತಿದ್ದುದು ಕೂಲಿ ಮಾತ್ರ.

ವಿಶ್ವೇಶ್ವರಯ್ಯನವರು ಮೈಸೂರು ಬ್ಯಾಂಕ್ (1913) ಹಾಗೂ ವಾಣಿಜ್ಯ ಮಂಡಳಿಯನ್ನು (1916) ಸ್ಥಾಪಿಸುವ ಮೂಲಕ ಸ್ಥಳೀಯ ಬಂಡವಾಳಕ್ಕೆ ಹಾದಿ ಮಾಡಿಕೊಟ್ಟರು. ಭದ್ರಾವತಿಯ ಕಬ್ಬಿಣ ಕಾರ್ಖಾನೆಯನ್ನು ಸರ್ಕಾರವೇ ಕಟ್ಟಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ಮೊದಲ ವರ್ಷಗಳಲ್ಲಿ ನಷ್ಟ ಅನುಭವಿಸಿ ಬೊಕ್ಕಸಕ್ಕೆ ಹೊರೆಯಾಯಿತು. ಸರ್ಕಾರ ಒಂಟಿಯಾಗಿ ದೊಡ್ಡ ಉದ್ದಿಮೆ ನಡೆಸಿದರೆ ನಷ್ಟವೂ ಒಂಟಿಯಾಗಿಯೇ ಹೊರಬೇಕಾಗುತ್ತದೆ ಎಂಬ ಪಾಠ ಮಿರ್ಜಾ ಅವರ ಕಣ್ಣೆದುರಿಗೇ ಇತ್ತು.

ಅವರು ಆರಿಸಿಕೊಂಡದ್ದು ನಡುವಿನ ದಾರಿ. ಸರ್ಕಾರ ಬಂಡವಾಳದ ಒಂದು ಭಾಗ ಹಾಕುವುದು, ಉಳಿದುದನ್ನು ಷೇರುಗಳ ಮೂಲಕ ಜನರಿಂದ ಸಂಗ್ರಹಿಸುವುದು, ಭೂಮಿ, ನೀರು ಮತ್ತು ವಿದ್ಯುತ್ತನ್ನು ಒದಗಿಸುವುದು, ಆಡಳಿತ ಮಂಡಳಿಯಲ್ಲಿ ಸರ್ಕಾರದ ಕಣ್ಣು ಇರುವಂತೆ ನೋಡಿಕೊಳ್ಳುವುದು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆಗಳ ಬೆಲೆ ಕುಸಿದು ಹಳ್ಳಿಗಳು ತತ್ತರಿಸಿದ್ದಾಗ ಈ ದಾರಿ ತುರ್ತಿನ ಅಗತ್ಯವೂ ಆಗಿತ್ತು.

ಮಂಡ್ಯದ ಪ್ರಯೋಗ

ಈ ಪದ್ಧತಿಯ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮಂಡ್ಯದಲ್ಲಿ. ಕನ್ನಂಬಾಡಿ ಅಣೆಕಟ್ಟೆಯ ನೀರನ್ನು ಹೊತ್ತ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಒಣಭೂಮಿಯನ್ನು ಹಸಿರುಗೊಳಿಸಿತು. ನೀರು ಬಂದ ಕಡೆ ಕಬ್ಬು ಬಂದಿತು. ಆದರೆ ಬೆಳೆದ ಕಬ್ಬಿಗೆ ಆಲೆಮನೆಯೊಂದೇ ಗತಿಯಾದರೆ ಅಷ್ಟೂ ಬೆಳೆಗೆ ಬೆಲೆ ಸಿಗುವುದು ಕಷ್ಟ. ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಸಕ್ಕರೆ ಕಾರ್ಖಾನೆಯ ಯೋಜನೆಯನ್ನು ಮುಂದಿಟ್ಟರು. 1932ರಲ್ಲಿ ಭಾರತ ಸರ್ಕಾರ ದೇಶೀಯ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ನೀಡಿದ್ದರಿಂದ ಕಾಲವೂ ಕೂಡಿ ಬಂದಿತು.

1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರದ ಜೊತೆಗೆ ಕಬ್ಬು ಬೆಳೆಗಾರರು ಕೂಡ ಷೇರುದಾರರಾದರು. ರೈತನು ಕಾರ್ಖಾನೆಗೆ ಕಬ್ಬು ಮಾರುವವನಷ್ಟೇ ಅಲ್ಲ, ಅದರ ಮಾಲೀಕರಲ್ಲೊಬ್ಬನೂ ಹೌದು ಎಂಬ ಭಾವನೆ ಬೇರೂರಿದ್ದು ಇಲ್ಲಿ. ಕಾರ್ಖಾನೆಯ ಸುತ್ತ ಗಾಡಿ ಹೊಡೆಯುವವರು, ಕಬ್ಬು ಕಡಿಯುವವರು, ಯಂತ್ರ ನಡೆಸುವವರು, ಅಂಗಡಿ ಇಟ್ಟವರು ಎಲ್ಲರಿಗೂ ಕೆಲಸ ಸಿಕ್ಕಿ ಊರು ಪಟ್ಟಣವಾಯಿತು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿ ಹೊರಹೊಮ್ಮಿದಾಗಲೂ ಮಿರ್ಜಾ ಅವರೇ ದಿವಾನರಾಗಿದ್ದರು.

ಇದೇ ಜಾಡಿನಲ್ಲಿ 1936ರಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಮತ್ತು ಬೆಂಗಳೂರಿನ ಮೈಸೂರು ಲ್ಯಾಂಪ್ಸ್, 1937ರಲ್ಲಿ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾದವು. ದೊಡ್ಡ ಯಂತ್ರಗಳ ನಡುವೆ ಚರಕಕ್ಕೂ ಅವರು ಜಾಗ ಬಿಟ್ಟಿದ್ದರು. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ ಸಂಸ್ಥಾನದ ನೆರವಿತ್ತು. 1927ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದದ್ದು ಸಂಸ್ಥಾನದ ಅತಿಥಿಯಾಗಿ.

ವಿಮಾನದ ಕನಸು

ಎರಡನೇ ಮಹಾಯುದ್ಧ ಆರಂಭವಾದಾಗ ಮುಂಬೈನ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಭಾರತದಲ್ಲಿಯೇ ವಿಮಾನ ತಯಾರಿಸುವ ಕನಸು ಹೊತ್ತಿದ್ದರು. ಸಿಂಧಿಯಾ ಹಡಗು ಕಂಪನಿಯ ಮೂಲಕ ಬ್ರಿಟಿಷ್ ಹಡಗು ಕಂಪನಿಗಳಿಗೆ ಸವಾಲು ಹಾಕಿದ್ದ ಅವರಿಗೆ ವಿಮಾನ ತಯಾರಿಕೆಯ ತಾಂತ್ರಿಕ ಜ್ಞಾನ ಒದಗಿಸಲು ಅಮೆರಿಕದ ವಿಲಿಯಂ ಪಾಲಿ ಸಿದ್ಧರಿದ್ದರು. ಇವರಿಗೆ ಬೇಕಾಗಿದ್ದುದು ಭೂಮಿ, ವಿದ್ಯುತ್, ಬಂಡವಾಳ ಮತ್ತು ಬೇಗನೆ ತೀರ್ಮಾನ ಕೈಗೊಳ್ಳುವ ಒಂದು ಸರ್ಕಾರ.

ಮೈಸೂರಿನಲ್ಲಿ ಆ ನಾಲ್ಕೂ ಇದ್ದವು. 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ನಿಧನರಾಗಿದ್ದರು. ಆಪ್ತ ಗೆಳೆಯನನ್ನೂ ಆಶ್ರಯದಾತನನ್ನೂ ಒಟ್ಟಿಗೇ ಕಳೆದುಕೊಂಡ ಮಿರ್ಜಾ ಆ ಶೋಕದ ತಿಂಗಳುಗಳಲ್ಲಿಯೇ ತಮ್ಮ ಅಧಿಕಾರಾವಧಿಯ ಅತಿದೊಡ್ಡ ಒಪ್ಪಂದವನ್ನು ಕುದುರಿಸಿದರು. ಅದೇ ವರ್ಷ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ 4 ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಂದಿಗೆ ನೋಂದಣಿಯಾಯಿತು. ವಾಲ್‌ಚಂದ್ ಅವರೊಂದಿಗೆ ಮೈಸೂರು ಸಂಸ್ಥಾನ ಪಾಲುದಾರನಾಯಿತು.

1941ರಲ್ಲಿ ಭಾರತ ಸರ್ಕಾರ 25 ಲಕ್ಷ ರೂಪಾಯಿ ತೊಡಗಿಸಿ ಮೂರನೇ ಒಂದು ಪಾಲು ಪಡೆಯಿತು. ಅದೇ ವರ್ಷ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಾಟ ನಡೆಸಿತು. ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು. ಯುದ್ಧ ಭಾರತದ ಬಾಗಿಲಿಗೆ ಬಂದಂತೆ 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಖರೀದಿಸಿ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಮೈಸೂರು ಸಂಸ್ಥಾನ ಮಾತ್ರ ತನ್ನ ಷೇರುಗಳನ್ನು ಮಾರಲು ಒಪ್ಪಲಿಲ್ಲ. ಆಡಳಿತ ಬಿಟ್ಟುಕೊಟ್ಟರೂ ಪಾಲು ಉಳಿಸಿಕೊಂಡಿತು.

ಪಾಲುದಾರರು ಬದಲಾದರೂ ಕಾರ್ಖಾನೆ ಬೆಂಗಳೂರಿನಲ್ಲಿಯೇ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ತರಬೇತಿ ಪಡೆದ ಕೈಗಳು ಉಳಿದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಸ್ವಾತಂತ್ರ್ಯಾನಂತರ ಐಟಿಐ, ಎಚ್‌ಎಂಟಿ, ಬಿಇಎಲ್‌ನಂತಹ ಸಂಸ್ಥೆಗಳು ಒಂದರ ಹಿಂದೊಂದರಂತೆ ಬೆಂಗಳೂರಿಗೆ ಬಂದವು. ನುರಿತ ಕೆಲಸಗಾರರಿರುವ ಊರಿಗೆ ಹೊಸ ಕಾರ್ಖಾನೆಗಳು ಸುಲಭವಾಗಿ ಬರುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. 1964ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಇತರ ಘಟಕಗಳೊಂದಿಗೆ ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು.

ಎಲ್ಲ ಕನಸುಗಳೂ ಕೈಗೂಡಲಿಲ್ಲ. ವಿಶ್ವೇಶ್ವರಯ್ಯ ಮತ್ತು ವಾಲ್‌ಚಂದ್ ಅವರು ಬೆನ್ನುಹತ್ತಿದ್ದ ಮೋಟಾರು ಕಾರು ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ಪ್ರಯತ್ನ ಬ್ರಿಟಿಷ್ ಸರ್ಕಾರದ ಬೆಂಬಲವಿಲ್ಲದೆ ಬಿದ್ದುಹೋಯಿತು. 1944ರಲ್ಲಿ ವಾಲ್‌ಚಂದ್ ಅವರು ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಮುಂಬೈನಲ್ಲಿ ಆರಂಭಿಸಿದರು.

ಜನರ ಪಾಲು ಎಷ್ಟು?

ಉದ್ದಿಮೆಗಳಲ್ಲಿ ಜನರನ್ನು ಪಾಲುದಾರರನ್ನಾಗಿಸಿದ ಮಿರ್ಜಾ, ಅಧಿಕಾರದಲ್ಲಿ ಅವರಿಗೆ ಪಾಲು ಕೊಡಲು ಅಷ್ಟೇ ಉತ್ಸಾಹ ತೋರಲಿಲ್ಲ ಎಂಬ ಟೀಕೆಯನ್ನು ಮುಚ್ಚಿಡುವಂತಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಗಣಪತಿ ವಿವಾದ ಗಲಭೆಗೆ ತಿರುಗಿದಾಗ ಅವರ ಆಡಳಿತ ಕಟುವಾದ ವಿಮರ್ಶೆಗೆ ಗುರಿಯಾಯಿತು. ಅದರ ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿಯೇ ಸಮಿತಿ ರಚನೆಯಾಯಿತು. 1930ರಲ್ಲಿ ಕೋಲಾರ ಚಿನ್ನದ ಗಣಿ ಕಾರ್ಮಿಕರು ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಮುಷ್ಕರ ಹೂಡಿದರು. ದುಡಿಯುವವನನ್ನು ಅನುಮಾನದಿಂದ ನೋಡುವ ಪಾಲುದಾರಿಕೆ ಬಹುಕಾಲ ಸುಗಮವಾಗಿ ಸಾಗದು ಎಂಬುದಕ್ಕೆ ಆ ಮುಷ್ಕರ ಸಾಕ್ಷಿಯಾಗಿತ್ತು.

1938ರ ಏಪ್ರಿಲ್‌ನಲ್ಲಿ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು. ಮದ್ದೂರಿನ ಬಳಿ ಶಿಂಷಾ ನದಿಯ ದಡದ ಶಿವಪುರದಲ್ಲಿ ಕಾಂಗ್ರೆಸ್ ಕಾರ್ಯಕರ್ತರು ನಿಷೇಧಾಜ್ಞೆಯನ್ನು ಉಲ್ಲಂಘಿಸಿ ರಾಷ್ಟ್ರಧ್ವಜ ಹಾರಿಸಿದರು. ಗುಬ್ಬಿ ತಾಲ್ಲೂಕಿನಿಂದ ಹರಿದು ಬಂದು, ಅಮೃತೂರು ಸಮೀಪದ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮದ್ದೂರಿನತ್ತ ಸಾಗುವ ನದಿ ಅದೇ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಹಲವರ ಪ್ರಾಣಹಾನಿಯಾಯಿತು. ದೇಶವೇ ತಲ್ಲಣಿಸಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ಮಾತುಕತೆ ನಡೆಸಿದ ನಂತರ ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ನೀಡುವ ಒಪ್ಪಂದವಾಯಿತು. ಮಿರ್ಜಾ ಅವರ ಸಾಧನೆಯ ಪಟ್ಟಿಯ ಪಕ್ಕದಲ್ಲಿ ವಿದುರಾಶ್ವತ್ಥದ ಹೆಸರೂ ಇರಲೇಬೇಕು.

ಕೊನೆಯ ವರ್ಷಗಳು

ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರ್ ಅವರೊಂದಿಗೆ ಹೊಂದಾಣಿಕೆ ಸಾಧ್ಯವಾಗದೆ 1941ರಲ್ಲಿ ಮಿರ್ಜಾ ರಾಜೀನಾಮೆ ನೀಡಿದರು. ವಿಮಾನ ಕಾರ್ಖಾನೆಯ ಆರಂಭದ ದಿನಗಳಲ್ಲಿಯೇ ಅದರ ರೂವಾರಿ ಅಧಿಕಾರದಿಂದ ದೂರವಾದದ್ದು ವಿಪರ್ಯಾಸ. ಮರುವರ್ಷ ಅವರು ಜೈಪುರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಆ ನಗರದ ಮುಖ್ಯ ರಸ್ತೆ ಇಂದಿಗೂ ಅವರ ಹೆಸರಿನಲ್ಲಿ ಎಂ.ಐ. ರಸ್ತೆಯೆಂದೇ ಪ್ರಸಿದ್ಧ. 1946ರಲ್ಲಿ ಹೈದರಾಬಾದಿನ ನಿಜಾಮರ ಕರೆಗೆ ಓಗೊಟ್ಟು ಅಲ್ಲಿಗೆ ಹೋದರಾದರೂ, ಅಲ್ಲಿನ ರಾಜಕೀಯ ಬಿರುಗಾಳಿಯ ನಡುವೆ ಒಂದು ವರ್ಷವೂ ತುಂಬುವ ಮೊದಲೇ ಹೊರಬಂದರು. ದೇಶವಿಭಜನೆಯನ್ನು ಒಪ್ಪದ ಅವರು ಭಾರತದಲ್ಲಿಯೇ ಉಳಿದರು. 1954ರಲ್ಲಿ ಆತ್ಮಕಥೆ ಪ್ರಕಟಿಸಿದರು. 1959ರ ಜನವರಿ 5ರಂದು ತಾವು ಹುಟ್ಟಿದ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು.

ಉಳಿದದ್ದು, ಅಳಿದದ್ದು

ಅವರ ಕಾಲದ ಉದ್ದಿಮೆಗಳ ಮುಂದಿನ ಕತೆ ಒಂದೇ ತೆರನಾಗಿಲ್ಲ. ಮೈಸೂರು ಲ್ಯಾಂಪ್ಸ್ 2000ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು 2010ರ ದಶಕದ ನಡುವೆ ಸ್ತಬ್ಧವಾಗಿ ಸಾವಿರಾರು ಕುಟುಂಬಗಳು ದಿಕ್ಕೆಟ್ಟವು. ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಮಾತ್ರ ಹೊಸ ಸರಕು ಕಂಡುಕೊಂಡು ಬದುಕಿತು. 1962ರ ಚುನಾವಣೆಯಿಂದ ಈಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲಿಯೇ. ಮಂಡ್ಯದ ಸಕ್ಕರೆ ಕಾರ್ಖಾನೆ ಹಲವು ಬಾರಿ ನಿಂತು, ಖಾಸಗಿಯವರಿಗೆ ವಹಿಸುವ ಪ್ರಸ್ತಾಪಕ್ಕೂ ಗುರಿಯಾಯಿತು. ರೈತರು ಪಟ್ಟು ಹಿಡಿದು ಹೋರಾಡಿದರು. ಸರ್ಕಾರದ ಒಡೆತನದಲ್ಲಿಯೇ 2022ರಲ್ಲಿ ಅದು ಮತ್ತೆ ಕಬ್ಬು ಅರೆಯಲು ತೊಡಗಿತು. ಷೇರು ಪತ್ರ ಹಿಡಿದ ಅಜ್ಜನ ಮೊಮ್ಮಗನಿಗೆ ಆ ಕಾರ್ಖಾನೆ ಪರರದಾಗಿ ಕಾಣಲಿಲ್ಲ ಎಂಬುದೇ ಈ ಹೋರಾಟದ ಗುಟ್ಟು.

ತುಮಕೂರು ಕೂಡ ಇಂಥ ಏಳುಬೀಳುಗಳನ್ನು ಕಂಡ ಜಿಲ್ಲೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿದಿದ್ದ ಎಚ್‌ಎಂಟಿ, ತುಮಕೂರಿನಲ್ಲಿಯೂ ಘಟಕ ತೆರೆದಿತ್ತು. ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಘಟಕದ ಜಾಗ ಇಸ್ರೊ ಪಾಲಾಯಿತು. ವಸಂತನರಸಾಪುರದಲ್ಲಿ 2014ರಲ್ಲಿ ಖಾಸಗಿ ಸಹಭಾಗಿತ್ವದ ಬೃಹತ್ ಆಹಾರ ಪಾರ್ಕ್ ಉದ್ಘಾಟನೆಯಾಯಿತು. 2023ರಲ್ಲಿ ಅಲ್ಲಿಯೇ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಭಾಗವಾಗಿ ಕೈಗಾರಿಕಾ ನಗರಕ್ಕೆ ಶಂಕುಸ್ಥಾಪನೆ ನಡೆಯಿತು.

ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿ ಹರಡಿದೆ. ಆರಂಭದಲ್ಲಿ ವರ್ಷಕ್ಕೆ 30 ಹಗುರ ಹೆಲಿಕಾಪ್ಟರ್, ನಂತರ ಹಂತಹಂತವಾಗಿ 60 ಮತ್ತು 90 ತಯಾರಿಸುವ ಗುರಿ ಉದ್ಘಾಟನೆಯ ವೇಳೆ ಪ್ರಕಟವಾಗಿತ್ತು. ನೇರ ಹಾಗೂ ಪರೋಕ್ಷವಾಗಿ ಸುಮಾರು 6,000 ಮಂದಿಗೆ ಉದ್ಯೋಗ ದೊರೆಯುವುದೆಂಬ ನಿರೀಕ್ಷೆಯನ್ನೂ ಆಗ ಮುಂದಿಡಲಾಗಿತ್ತು. ಆ ಉದ್ಯೋಗಗಳಲ್ಲಿ ಗುಬ್ಬಿ, ಕುಣಿಗಲ್, ಅಮೃತೂರಿನ ಯುವಕ ಯುವತಿಯರಿಗೆ ಸಿಗುವುದು ಕಾವಲುಗಾರನ ಕೆಲಸವೋ, ತಂತ್ರಜ್ಞನ ಕೆಲಸವೋ ಎಂಬುದು ಇಲ್ಲಿನ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಕಾರ್ಖಾನೆಯೊಂದಿಗೆ ಎಷ್ಟು ಹತ್ತಿರದ ನಂಟು ಬೆಳೆಸುತ್ತವೆ ಎಂಬುದನ್ನು ಅವಲಂಬಿಸಿದೆ.

ಮಿರ್ಜಾ ಇಸ್ಮಾಯಿಲ್ ಅವರ ಹದಿನೈದು ವರ್ಷಗಳ ಲೆಕ್ಕಪುಸ್ತಕ ಹೇಳುವುದೂ ಇದನ್ನೇ. ಬಂಡವಾಳ ಹೂಡಿದವರು ಬರುತ್ತಾರೆ, ಹೋಗುತ್ತಾರೆ. ವಾಲ್‌ಚಂದ್ ಎರಡೇ ವರ್ಷಗಳಲ್ಲಿ ಹೊರಗುಳಿದರು, ಮಿರ್ಜಾ ಅದಕ್ಕೂ ಮೊದಲೇ ನಿರ್ಗಮಿಸಿದರು. ಮಂಡ್ಯದಲ್ಲಿ ರೈತನ ಪಾಲು ಉಳಿಯಿತು, ಬೆಂಗಳೂರಿನಲ್ಲಿ ಕೆಲಸಗಾರನ ಕುಶಲತೆ ಉಳಿಯಿತು. ಎರಡು ಊರುಗಳು ಬೆಳೆದದ್ದು ಆ ಎರಡರ ಬಲದಿಂದ. ಗುಬ್ಬಿಯ ಕಾರ್ಖಾನೆಗೆ ಭೂಮಿ ಸಿಕ್ಕಾಗಿದೆ, ಬಂಡವಾಳ ಬಂದಾಗಿದೆ. ಸುತ್ತಲಿನ ಹಳ್ಳಿಗಳ ಪಾಲು ಯಾವುದು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಬೇಕಿದೆ.